ಬಾಗಿಲಲ್ಲಿ ಕೂಗಿದ ಹೆಸರು

ಮಲಪನಗುಡಿ ದಾಟಿ ಸ್ವಲ್ಪ ಮುಂದೆ ಹೋದರೆ ಬಾಳೆತೋಟಗಳ ನಡುವೆ ಒಂದು ಸಣ್ಣ ಊರು. ಮನೆ ಕರ ಕೇಳಲು ಪಂಚಾಯ್ತಿಯ ಬಿಲ್ ಕಲೆಕ್ಟರ್ ಬಂದನೆಂದರೆ ಅಲ್ಲಿನ ಅರ್ಧ ಜನ ಹಿತ್ತಲ ಬಾಗಿಲು ಹುಡುಕುತ್ತಾರೆ. ಹುಲುಗಮ್ಮ ಮಾತ್ರ ಅವನ ದಾರಿ ಕಾಯುತ್ತಾಳೆ. ಹಾಗಂತ ಕರ ಕಟ್ಟುತ್ತಾಳೇನು? ಅದೂ ಇಲ್ಲ.

ಬಿಲ್ ಕಲೆಕ್ಟರ್ ಕೊಟ್ರಯ್ಯ ದರೋಜಿ ಕಡೆಯವನು, ಈ ಊರಿಗೆ ಹೊಸಬ. ಬಿಲ್ಲಿನಲ್ಲಿದ್ದ ಹೆಸರು ನೋಡಿ ಬಾಗಿಲಲ್ಲಿ ಕೂಗುತ್ತಾನೆ. "ಹೊನ್ನೂರುಸ್ವಾಮಿ ಅವ್ರೇ! ಅದೀರೇನ್ರಿ ಮನ್ಯಾಗ?"

ಹುಲುಗಮ್ಮ ಒಳಗೆ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಅವನು ಇನ್ನೊಮ್ಮೆ ಕೂಗಲಿ ಅಂತ. ಅವನು ಕೂಗುತ್ತಾನೆ, ಬೇಸತ್ತು ಹೋಗುತ್ತಾನೆ. ಮುಂದಿನ ವಾರ ಮತ್ತೆ ಬರುತ್ತಾನೆ. ಬೇಗ ಕಟ್ಟಿದವರಿಗೆ ಸಿಗುವ ರಿಯಾಯಿತಿಯ ದಿನ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಹೊನ್ನೂರುಸ್ವಾಮಿ ಅಂದರೆ ಹುಲುಗಮ್ಮನ ಗಂಡ. ಬೆಲ್ಲದ ಗಾಣದಲ್ಲಿ ದುಡಿದು ಈ ಮನೆ ಕಟ್ಟಿದವನು, ತೀರಿಹೋಗಿ ಮೂರು ವರ್ಷವಾಯಿತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಅಂತ ಅತ್ತೆ ಹೇಳಿಕೊಟ್ಟಿದ್ದಳು. ಮದುವೆಯಾಗಿ ಹೊಸ್ತಿಲು ದಾಟುವಾಗ ಒಡಪು ಕಟ್ಟಿ, ಅಂದರೆ ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರು ಸೇರಿಸಿ, ಒಮ್ಮೆ ಹೇಳಿದ್ದೇ ಕಡೆ. ಆಮೇಲೆ ಬಾಳಿನುದ್ದಕ್ಕೂ "ರೀ", ಇಲ್ಲವೆ "ನಮ್ಮ ಮನ್ಯಾವ್ರು". ಹೆಸರೇನೋ ಹೇಳಲಿಲ್ಲ, ಆಯುಷ್ಯವೂ ಉಳಿಯಲಿಲ್ಲ. ತೋರಣಗಲ್ಲಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವ ಮಗ ಮಾಲತೇಶ್ "ಅಪ್ಪ" ಅನ್ನುತ್ತಾನೆ. ಊರವರು "ಹಿರೇರು" ಅನ್ನುತ್ತಾರೆ. ಪೂರ್ತಿ ಹೆಸರು ಹಿಡಿದು ಕರೆಯುವವನು ಜಗತ್ತಿನಲ್ಲಿ ಕೊಟ್ರಯ್ಯ ಒಬ್ಬನೇ.

ಈ ಸಲ ಪಕ್ಕದ ಮನೆಯ ಸುಮಂಗಲಾ ಈ ಕಳ್ಳಾಟ ಹಿಡಿದುಬಿಟ್ಟಳು. ಆಕೆ ಮಹಿಳಾ ಸಂಘದ ಪ್ರತಿನಿಧಿ. ಕೊಟ್ರಯ್ಯ ಅತ್ತ ಹೋದದ್ದೇ ತಡ, ಇತ್ತ ಹಿತ್ತಲಿನಿಂದ ಬಂದಳು.

"ಏನತ್ತಿ, ಮನ್ಯಾಗ ಇದ್ದೂ ಓ ಅನ್ನವಲ್ರಿ! ಪಾಪ, ಅಂವ ಗಂಟ್ಲು ಹರ್ಕೊಂಡ."

"ಕೂಗ್ಲಿ ಬಿಡವ್ವ."

"ಪಂಚಾಯ್ತ್ಯಾಗ ಹಿರಿಯರಿಂದ ಕರದ ರಿಯಾಯ್ತಿಗೆ ಅರ್ಜಿ ತಗೊಳ್ಳಾಕತ್ತಾರ. ನಡೀರಿ, ಹಾಕೂಣು."

"ನನ್ನ ಹೆಸರಿಗೆ ಏನೈತಿ ಅಂತ ಅರ್ಜಿ? ಮನಿ ಅವ್ರದು."

"ಅದಕ್ಕ ಹೇಳಿದ್ದು. ಹೋದೋರ ಹೆಸರಿನ್ಯಾಗ ಅರ್ಜಿ ಹಾಕಾಕ ಬರಂಗಿಲ್ಲ. ಮೊದ್ಲು ಖಾತಿ ನಿಮ್ಮ ಹೆಸರಿಗೆ ಮಾಡಿಸ್ಬೇಕು."

ಹುಲುಗಮ್ಮನ ಮುಖ ಕೆಂಪಾಯಿತು. "ಅವ್ರ ಹೆಸರು ಹೊಡದು ನನ್ನ ಹೆಸರು ಬರೀಬೇಕಾ? ನಾ ಒಲ್ಲೆ! ರಿಯಾಯ್ತಿನೂ ಬ್ಯಾಡ, ಏನೂ ಬ್ಯಾಡ."

"ಯಾಕತ್ತಿ ಇಷ್ಟು ಸಿಟ್ಟು?"

ಹುಲುಗಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅಂವ ಬಾಗ್ಲಾಗ ನಿಂತು ಹೆಸರು ಕೂಗ್ತಾನ ನೋಡು, ಆವಾಗ ಇವ್ರು ಹಿತ್ತಲದಾಗ ಕಾಲು ತೊಳ್ಕೊಳ್ಳಾಕತ್ತಾರ, ಈಗ ಒಳಗ ಬರ್ತಾರ ಅನ್ನಿಸ್ತೈತಿ. ಒಂದು ಗಳಿಗಿ ಅಷ್ಟ. ಆ ಹೆಸರೂ ಹೋತಂದ್ರ ನನಗ ಉಳಿಯೋದಾರ ಏನವ್ವ?"

ಸುಮಂಗಲಾ ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದಳು. ಆಮೇಲೆ ಮೆತ್ತಗೆ ಹೇಳಿದಳು.

"ಅತ್ತಿ, ಹೆಸರು ಎಲ್ಲೂ ಹೋಗಂಗಿಲ್ಲ. ಹುಲುಗಮ್ಮ, ಗಂಡ ಹೊನ್ನೂರುಸ್ವಾಮಿ ಅಂತ ಇಬ್ಬರದೂ ಕೂಡೇ ಬರೀತಾರ. ಹಿಂಗ ಬಿಟ್ರ ಕರದ ಬಾಕಿ ಬೆಳೀತೈತಿ. ಅವ್ರು ಬೆಲ್ಲದ ಕೊಪ್ಪರಿಗಿ ಮುಂದ ಬೆಂದು ಕಟ್ಟಿದ ಮನಿ ಇದು. ಇದರ ಮ್ಯಾಲ ಬಾಕಿ ಐತಿ ಅಂತ ನಾಲ್ಕು ಮಂದಿ ಅಂದ್ರ ಅವ್ರಿಗೆ ಹೆಂಗನ್ನಿಸ್ತಿತ್ತು?"

ಆ ಮಾತು ನಾಟಿತು. ಗಂಡ ಬದುಕಿದ್ದಾಗ ಯಾರ ಬಾಕಿಯನ್ನೂ ಇಟ್ಟುಕೊಂಡವನಲ್ಲ.

"ಏನೇನು ತರಬೇಕವ್ವ?" ಎಂದಳು ಹುಲುಗಮ್ಮ.

"ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಆಧಾರ್ ಕಾರ್ಡು, ಹಳೇ ಕರದ ರಸೀದಿ. ಮಕ್ಕಳ ಒಪ್ಪಿಗಿ ಬೇಕು. ಮತ್ತೇನಾರ ಬೇಕಂದ್ರ ಅವ್ರ ಹೇಳ್ತಾರ, ತರೂಣು. ನಡುವ ಏಜೆಂಟ್ರು ಯಾರೂ ಬ್ಯಾಡ."

ಕಂಪ್ಲಿಗೆ ಕೊಟ್ಟ ಮಗಳು ಜಂಬಮ್ಮ ಸುದ್ದಿ ತಿಳಿದು ಬಸ್ಸು ಹತ್ತಿ ಬಂದು ಸಹಿ ಹಾಕಿದಳು. ಮಾಲತೇಶ್ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಅವ್ವನನ್ನು ಪಂಚಾಯ್ತಿಗೆ ಕರೆದೊಯ್ದ. ಸುಮಂಗಲಾ ಜೊತೆಗಿದ್ದಳು.

ಮೇಜಿನ ಹಿಂದಿದ್ದ ಹುಡುಗಿ ಕೇಳಿದಳು. "ಗಂಡನ ಹೆಸರು ಹೇಳ್ರಮ್ಮ."

ಹುಲುಗಮ್ಮ ನೆಲ ನೋಡಿದಳು. ಮಾಲತೇಶ್ ಬಾಯಿ ತೆರೆದ. ಆಕೆ ಕೈ ಅಡ್ಡ ಹಿಡಿದು ತಡೆದಳು. ಇನ್ನು ಸವೆಯಲು ಯಾವ ಆಯುಷ್ಯ ಇದೆ? ಸೆರಗು ಸರಿಮಾಡಿಕೊಂಡು ಮದುಮಗಳ ಹಾಗೆ ನಿಂತು ಹೇಳಿದಳು.

"ಬಾಳಿ ತೋಟಕ್ಕ ಕಾಲುವಿ ನೀರು, ಗಾಣದ ಕೊಪ್ಪರಿಗಿಗೆ ಕಬ್ಬಿನ ಹಾಲು,
ಹೊನ್ನೂರುಸ್ವಾಮಿ ಕಟ್ಟಿದ ಮನ್ಯಾಗ ನಂದೂ ಐತ್ರಿ ಸರಿಪಾಲು."

ಸಾಲಿನಲ್ಲಿದ್ದ ಮುದುಕಿಯರೆಲ್ಲ "ಭಾಳ ಚಂದ ಹೇಳಿದೆ ಬಿಡವ್ವ" ಅಂದರು. ಒಬ್ಬಳು ಮೂಗು ಒರೆಸಿಕೊಂಡಳು. ಮೇಜಿನ ಹುಡುಗಿ ಹೆಸರು ಬರೆಯುವುದನ್ನೇ ಮರೆತು ನೋಡುತ್ತಿದ್ದಳು. ಆಮೇಲೆ ಬರೆದಳು.

ಹಳೇ ಬಾಕಿ ಕಟ್ಟಿದ ಮೇಲೆ ಖಾತೆ ಆಯಿತು. ರಿಯಾಯಿತಿಯ ಅರ್ಜಿಯೂ ಹೋಯಿತು, ಸ್ವೀಕೃತಿ ಚೀಟಿಯೂ ಕೈಗೆ ಬಂತು. ಮರುವರ್ಷ ಕೊಟ್ರಯ್ಯ ಹೊಸ ಬಿಲ್ ಹಿಡಿದು ಬಂದ. ಈಗ ಅವನಿಗೂ ಎಲ್ಲ ಗೊತ್ತಿತ್ತು. ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದ.

"ಹುಲುಗಮ್ಮ! ಗಂಡ ಹೊನ್ನೂರುಸ್ವಾಮಿ! ಅದೀರೇನ್ರಿ ಮನ್ಯಾಗ?"

ಎರಡನೇ ಸಲ ಕೂಗಿಸಿಕೊಳ್ಳದೆ ಹುಲುಗಮ್ಮ ಬಾಗಿಲು ತೆರೆದಳು. ಕರದ ದುಡ್ಡು ಕೈಯಲ್ಲೇ ಇತ್ತು.

"ಅದೀವಿ, ಬರ್ರಿ" ಎಂದಳು. "ಇಬ್ಬರೂ ಅದೀವಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದೆಯೇ? ಅವರ ನೆನಪಿಗೆಂದು ಹಾಗೆಯೇ ಬಿಟ್ಟಿರಬಹುದು, ಅದು ತಪ್ಪಲ್ಲ. ಆದರೆ ಅವರು ಕಟ್ಟಿದ ಮನೆಯನ್ನು ಕಾಯುವುದೂ ನೆನಪೇ ಅಲ್ಲವೇ? ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿರಿಯರಿಗೆ, ಬೇಗ ಕಟ್ಟುವವರಿಗೆ ಯಾವ ರಿಯಾಯಿತಿ ಇದೆ ಎಂಬುದು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ನಿಮ್ಮ ಪಂಚಾಯ್ತಿ ಅಥವಾ ನಗರಸಭೆಗೆ ಹೋಗಿ ನಾಚದೆ ಕೇಳಿ, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಇಸಿದುಕೊಳ್ಳಿ. ಓಣಿಯಲ್ಲಿ ಹುಲುಗಮ್ಮನಂಥವರು ಬಾಗಿಲ ಹಿಂದೆ ನಿಂತಿದ್ದರೆ, ಕೈ ಹಿಡಿದು ಕರೆದುಕೊಂಡು ಹೋಗಿ.