ತುಳಿಯುವ ಕಾಲು

ಭಾನುವಾರ ಬೆಳಿಗ್ಗೆ ಪರಮೇಶನ ಮನೆಯ ಮುಂದೆ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಅದರ ಸುತ್ತ ನಟ್ಟು ತಿರುಗಿಸುವ ಪಾನಾ, ತಂತಿಯ ಸುರುಳಿ, ಕತ್ತರಿಸಿದ ಕಬ್ಬಿಣದ ಪಟ್ಟಿ, ಅರ್ಧ ಕುಡಿದು ಮರೆತ ಚಹಾದ ಲೋಟ. ಕುಷಾಯಿಗೂಡದ ಆ ಓಣಿಯಲ್ಲಿ ಹಾದುಹೋಗುವವರೆಲ್ಲ ಒಂದು ಗಳಿಗೆ ನಿಂತು, ನೋಡಿಯೇ ಮುಂದೆ ಹೋಗುತ್ತಿದ್ದರು.

ಚರ್ಲಪಲ್ಲಿಯ ಕಾರ್ಖಾನೆಗೆ ದಿನಾಲೂ ಸೈಕಲ್ ತುಳಿದು ಪರಮೇಶನ ಮೊಣಕಾಲು ನೋಯತೊಡಗಿದ್ದವು. ಸ್ಕೂಟರು ಕೊಳ್ಳುವ ಮಾತು ದೂರವೇ ಉಳಿದಿತ್ತು. ಹೀಗಾಗಿ ಸೈಕಲ್ಲಿಗೇ ಮೋಟಾರು ಕೂರಿಸುವ ಯೋಚನೆ ಅವನಿಗೆ ಬಂದಿತ್ತು. ಗುಜರಿಯಲ್ಲಿ ಸಣ್ಣದೊಂದು ಮೋಟಾರು ಸಿಕ್ಕಿತು. ಯಾವುದೋ ಆಫೀಸಿನವರು ತೆಗೆದುಹಾಕಿದ ಯುಪಿಎಸ್ಸಿನಿಂದ ಬ್ಯಾಟರಿ ಬಂದವು. ಮುರಿದ ಮಂಚದ ಕಬ್ಬಿಣವೇ ಮೋಟಾರು ಹಿಡಿಯುವ ಪಟ್ಟಿಯಾಯಿತು. ಅಂಗಡಿಯಿಂದ ಹೊಸದಾಗಿ ತಂದದ್ದೆಂದರೆ ಕಂಟ್ರೋಲರು, ಚೈನು ಮತ್ತು ಬ್ರೇಕಿನ ರಬ್ಬರು ಮಾತ್ರ. ಅವಕ್ಕೆ ಹೆಂಡತಿ ಉಮಾಶ್ರೀ ತನ್ನ ಹೊಲಿಗೆಯ ದುಡ್ಡಿನಲ್ಲಿ ಉಳಿಸಿಟ್ಟಿದ್ದನ್ನು ಕೊಟ್ಟಿದ್ದಳು.

ಒಳಗಿನಿಂದ ಹೊಲಿಗೆ ಮಷೀನಿನ ಕಿರ್ ಕಿರ್ ಸದ್ದು ಬರುತ್ತಲೇ ಇತ್ತು.

“ಉಮಾ, ಸ್ವಲ್ಪ ತಡಿ. ನಿನ್ನ ಮಷೀನಿನ ಗದ್ದಲದಾಗ ನನ್ನ ಮೋಟಾರಿನ ಸಪ್ಪಳ ಕೇಳಿಸವಲ್ದು” ಎಂದ ಪರಮೇಶ.

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಉಮಾಶ್ರೀ ಬ್ಯಾಟರಿ ಇಡಲು ಹೊಲಿದ ಕರಿ ರೆಕ್ಸಿನ್ ಚೀಲ ಹಿಡಿದು ಹೊರಬಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಪರಮೇಶ ಚೀಲವನ್ನು ನೋಡಿದ.

“ಭಾಳ ದಪ್ಪ ಐತ್ರಿ ಇದು. ಹೊಲಿಯೂದ್ರಾಗ ಸೂಜಿ ಮುರದ್ವು” ಎಂದಳು ಅವಳು.

“ಮಸ್ತ್ ಆಗೈತಿ. ಮಳಿ ಬಂದ್ರೂ ಬ್ಯಾಟರಿಗೆ ಏನೂ ಆಗಂಗಿಲ್ಲ.”

ಹತ್ತು ಗಂಟೆಯ ಹೊತ್ತಿಗೆ ಸೈಕಲ್ಲು ತಯಾರಾಯಿತು. ಮಗಳು ಭಕ್ತಿಯನ್ನು ಹಿಂದೆ ಕೂರಿಸಿಕೊಂಡು ಪರಮೇಶ ಓಣಿಯ ಕೊನೆಯವರೆಗೆ ಹೋಗಿ ಬಂದ. ಒಮ್ಮೆಯೂ ಪೆಡಲು ತುಳಿಯಲಿಲ್ಲ. ಭಕ್ತಿ ದಾರಿಯುದ್ದಕ್ಕೂ ಗಂಟೆ ಬಾರಿಸಿದಳು. ಎದುರು ಮನೆಯ ಮಲ್ಲೇಶ “ಸೂಪರ್ ಅನ್ನಾ” ಎಂದು, ಇನ್ನು ಪೆಟ್ರೋಲ್ ಬಂಕಿನವರ ಗತಿಯೇನೆಂದು ತೆಲುಗಿನಲ್ಲಿ ನಗಾಡಿದ. ಜನ ಸುತ್ತಲೂ ಸೇರಿದರು. ಪರಮೇಶನಿಗೆ ಮಾತು ಉಕ್ಕಿ ಬಂತು.

“ಮನಷ್ಯಾ ಎಷ್ಟ ದಿನಾಂತ ತುಳೀಬೇಕ್ರಿ? ಕಾಲೇನು ಕಬ್ಬಿಣದ್ವ?”

ಅಷ್ಟರಲ್ಲಿ ಪಕ್ಕದ ಓಣಿಯ ಕಮಲಾಕ್ಷಿ ಬಂದರು. ರಾಯಚೂರು ಕಡೆಯವರು, ಬಾಯಿ ಜೋರು, ಮನಸ್ಸು ಮೆತ್ತಗೆ.

“ಉಮಾ, ನನ್ನ ಬ್ಲೌಸ್ ಎಲ್ಲಿ? ಬೋನಾಲು ಹಬ್ಬ ಬಂದೇ ಬಿಡ್ತು.”

“ಇನ್ನೊಂದೆರಡು ದಿನ ತಡೀರಿ ಅಕ್ಕಾ. ಕಾಲು ಬಾತಾವು” ಎನ್ನುತ್ತ ಉಮಾಶ್ರೀ ಸೀರೆಯ ಅಂಚು ಕೆಳಗೆಳೆದುಕೊಂಡಳು. ಅಷ್ಟರಲ್ಲೇ ಎಲ್ಲರಿಗೂ ಕಂಡುಬಿಟ್ಟಿತು. ಬಲಗಾಲಿನ ಹರಡು ಊದಿ, ಕಾಲುಂಗುರ ಬೆರಳಿನಲ್ಲಿ ಹೂತುಹೋದಂತಿತ್ತು.

ಕಮಲಾಕ್ಷಿ ಆ ಕಾಲು ನೋಡಿದರು, ಆಮೇಲೆ ಸೈಕಲ್ಲು ನೋಡಿದರು.

“ಏನಪಾ ಪರಮೇಶ, ಸೈಕಲ್ಲಿಗೆ ಮೋಟಾರ ಹಾಕೀದಿ, ಹೆಂಡ್ತಿ ಮಷೀನಿಗೆ ಹಾಕಲಿಲ್ಲೇನು? ಆಕಿನೂ ಮುಂಜಾನಿಂದ ಸಂಜಿತನಕಾ ತುಳಿಯಾಕತ್ತಾಳ. ನೀನರ ತುಳದ್ರ ಚರ್ಲಪಲ್ಲಿ ಮುಟ್ಟತಿದ್ದಿ. ಆಕಿ ಇದ್ದಲ್ಲೇ ಇರ್ತಾಳ ನೋಡು.”

ಎಲ್ಲರೂ ನಕ್ಕರು. ಪರಮೇಶನೂ ನಗಲು ಹೋದ. ನಗು ಬರಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಉಮಾಶ್ರೀ ಮಷೀನಿಗೊಂದು ಮೋಟಾರು ಬೇಕೆಂದು ಕೇಳಿದ್ದಳು. ಊಟದ ತಾಟಿನಿಂದ ತಲೆಯೆತ್ತದೆ ಅವನು ಹೇಳಿದ್ದ: “ನೆರಳಾಗ ಕುಂತು ಹೊಲಿಯಾಕ ಮೋಟಾರ ಯಾಕ? ಶೋಕಿ ಆತಲ್ಲ ಅದು.” ಅವಳು ಮತ್ತೆ ಆ ಮಾತೆತ್ತಿರಲಿಲ್ಲ. ಅವನೂ ಮರೆತಿದ್ದ. ಈಗ ಆ ಮಾತು ಇಷ್ಟು ಜನರ ನಡುವೆ ಯಾರೋ ಗಟ್ಟಿಯಾಗಿ ಓದಿ ಹೇಳಿದಂತೆ ಅವನ ಕಿವಿಯಲ್ಲಿ ಕೇಳಿಸಿತು.

ಅವನು ಬಾಯಿ ತೆರೆಯುವ ಮೊದಲೇ ಉಮಾಶ್ರೀ ನಕ್ಕಳು.

“ಅವರು ಹಾಕಿಸಿಕೊಡ್ತೀನಿ ಅಂದ್ರು ಅಕ್ಕಾ. ನಾನ ಒಲ್ಲೆ ಅಂದೆ. ಮೋಟಾರ ಇದ್ರ ನನ್ನ ಹೊಲಿಗಿ ಸೊಟ್ಟ ಆಕ್ಕತಿ.”

ಇಲ್ಲ ಎನ್ನಬಹುದಿತ್ತು. ಪರಮೇಶ ಅನ್ನಲಿಲ್ಲ. ಬಗ್ಗಿ, ಆಗಲೇ ಒರೆಸಿದ್ದ ಚೈನನ್ನು ಮತ್ತೊಮ್ಮೆ ಒರೆಸತೊಡಗಿದ.

ಮಧ್ಯಾಹ್ನ ಉಮಾಶ್ರೀ ಕಾಲಿಗೆ ಮುಲಾಮು ತರಲು ಭಕ್ತಿಯನ್ನು ಕರೆದುಕೊಂಡು ಹೊರಟಳು. ಪರಮೇಶ ಸೈಕಲ್ ಮೇಲೆ ಬಿಡುತ್ತೇನೆಂದರೆ, “ಇಲ್ಲೇ ಮೂಲಿಮ್ಯಾಲೆ ಐತಿ, ನೀವು ದಣದೀರಿ, ಕೂಡ್ರಿ” ಎಂದಳು.

ಪರಮೇಶ ಅವಳ ಮಷೀನಿನ ಮುಂದೆ ಕೂತ. ಯಾಕೆ ಕೂತನೋ ಅವನಿಗೇ ತಿಳಿಯಲಿಲ್ಲ. ಕಾಲಿಡುವ ಕಬ್ಬಿಣದ ಹಲಗೆ ಎರಡು ಅಂಗಾಲುಗಳ ಆಕಾರಕ್ಕೆ ನುಣ್ಣಗೆ ಸವೆದು ಹೊಳೆಯುತ್ತಿತ್ತು. ಅದರ ಮೇಲೆ ಕಾಲಿಟ್ಟು ತುಳಿದ. ಚಕ್ರ ಮೊದಲು ಹಿಂದಕ್ಕೆ ತಿರುಗಿತು, ಆಮೇಲೆ ಮುಂದಕ್ಕೆ ಹೋಯಿತು. ಒಂದು ತೋಳಿನ ಅಂಚು ಹೊಲಿಯುವಷ್ಟು ಹೊತ್ತಿಗೆ ಅವನ ಮೀನಖಂಡ ಹಿಡಿದುಕೊಂಡಿತು. ಕಿರ್ ಕಿರ್ ಸದ್ದು ಕೆಳಗಿನ ಕೀಲಿನಿಂದ ಬರುತ್ತಿತ್ತು. ಎಣ್ಣೆ ಕಂಡು ವರ್ಷಗಳೇ ಆಗಿದ್ದ, ತುಕ್ಕು ಹಿಡಿದ ಕೀಲು. ಎಣ್ಣೆಯ ಡಬ್ಬಿ ಎದುರಿನ ಕಿಟಕಿಯಲ್ಲೇ ಇತ್ತು. ಪ್ರತಿ ವಾರ ಸೈಕಲ್ ಚೈನಿಗೆ ಹಾಕಿ ಅಲ್ಲಿಡುತ್ತಿದ್ದವನು ತಾನೇ.

ಉಮಾಶ್ರೀ ತಿರುಗಿ ಬಂದಾಗ ಅವನು ನೆಲದ ಮೇಲೆ, ಮಷೀನಿನ ಕೆಳಗೆ ತಲೆ ಹಾಕಿ ಕೂತಿದ್ದ.

“ಅಲ್ಲೇನು ಮಾಡಾಕತ್ತೀರಿ?”

“ಎಣ್ಣಿ ಹಾಕಾಕತ್ತೀನಿ.” ತಲೆ ಹೊರತೆಗೆಯದೆಯೇ ಕೇಳಿದ. “ಮುಂಜಾನೆ ಸುಳ್ಳ ಯಾಕ ಹೇಳಿದಿ?”

“ಅಷ್ಟು ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಿತ್ತು. ನನಗ ನೋಡಾಕ ಆಗಲಿಲ್ಲ.”

“ನೀನರ ಇನ್ನೊಮ್ಮೆ ಕೇಳಬೇಕಿತ್ತು.”

“ಒಮ್ಮೆ ಕೇಳಿದ್ದೆನಲ್ರಿ” ಎಂದಳು ಉಮಾಶ್ರೀ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರ ಪರಮೇಶ ಸೈಕಲ್ಲಿನ ಮೋಟಾರು ಬಿಚ್ಚಿದ. ಅದರ ಮೇಲೆ ಕಣ್ಣಿಟ್ಟಿದ್ದ ಕಾರ್ಖಾನೆಯ ವೆಂಕಟೇಶ ಬ್ಯಾಟರಿ, ಕಂಟ್ರೋಲರು ಸಮೇತ ಕೊಂಡುಕೊಂಡ. ರೆಕ್ಸಿನ್ ಚೀಲವನ್ನೂ ಕೇಳಿದ. ಅದೊಂದನ್ನು ಪರಮೇಶ ಕೊಡಲಿಲ್ಲ. ಮಾರನೆಯ ದಿನ ಕೆಲಸ ಬಿಟ್ಟವನೇ ಬಸ್ಸು ಹಿಡಿದು ಅಬಿಡ್ಸ್ ಪೇಟೆಯ ಕಡೆ ಹೋಗಿ, ಹೊಲಿಗೆ ಮಷೀನಿನ ಅಂಗಡಿಯಿಂದ ಒಂದು ರಟ್ಟಿನ ಡಬ್ಬಿ ತಂದ.

“ಇದ್ಯಾಕ ತಂದ್ರಿ? ನಿಮ್ಮ ಮೊಣಕಾಲು?” ಎಂದಳು ಉಮಾಶ್ರೀ.

“ಅದಕ್ಕ ನಿನ್ನ ಮುಲಾಮು ಐತೆಲ್ಲ. ಸರಿ ಅತ್ತಾಗ, ಮೋಟಾರಿನ ಪಟ್ಟಾ ಹಾಕತೀನಿ.”

ಬ್ಲೌಸ್ ಒಯ್ಯಲು ಕಮಲಾಕ್ಷಿ ಬಂದದ್ದು ಬೆಳಗಿನ ಹೊತ್ತಿನಲ್ಲಿ. ಪರಮೇಶ ಕೆಲಸಕ್ಕೆ ಹೊರಟು ನಿಂತಿದ್ದ. ಮಲ್ಲೇಶ ತನ್ನ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ಒಳಗೆ ಸಣ್ಣ ಮೋಟಾರು ಗುಂಯ್‌ಗುಡುತ್ತಿತ್ತು.

“ಅಯ್ಯ, ಮೋಟಾರ ಒಲ್ಲೆ ಅಂದಿದ್ದೆಲ್ಲ ಉಮಾ? ಹೊಲಿಗಿ ಸೊಟ್ಟ ಆಗಲಿಲ್ಲೇನು?”

ಉಮಾಶ್ರೀ ಏನೋ ಹೇಳಲು ತಲೆಯೆತ್ತಿದಳು. ಪರಮೇಶ ಹೊಸ್ತಿಲಲ್ಲೇ ನಿಂತು ಮಾತಾಡಿದ.

“ಆಕಿ ಒಲ್ಲೆ ಅಂದಿದ್ದಿಲ್ಲರಿ ಅಕ್ಕಾ. ಕೇಳಿದ್ಲು. ನೆರಳಾಗ ಕುಂತು ಹೊಲಿಯಾಕ ಮೋಟಾರ ಯಾಕ ಅಂತ ನಾನ ಅಂದಿದ್ದೆ.”

ಮಲ್ಲೇಶನ ಕೈಯಲ್ಲಿ ಬ್ರಷ್ಷು ನಿಂತಿತು. ಪರಮೇಶನ ಕಿವಿ ಬಿಸಿಯಾದವು. ಕಮಲಾಕ್ಷಿ ಈ ಸಲ ತಮಾಷೆ ಮಾಡಲಿಲ್ಲ. ಬ್ಲೌಸಿನ ತೋಳನ್ನು ಬಿಡಿಸಿ ಹಿಡಿದು, “ಹೊಲಿಗಿ ನೆಟ್ಟಗ ಐತಿ ಬಿಡು” ಎಂದಷ್ಟೇ ಅಂದರು.

ಪರಮೇಶ ಊಟದ ಡಬ್ಬಿಯಿದ್ದ ರೆಕ್ಸಿನ್ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಸೈಕಲ್ ಹತ್ತಿದ. ಮೊಣಕಾಲು ಕಟಕ್ ಎಂದಿತು. ಹೊರಡುವ ಮೊದಲು ಕಿಟಕಿಯಲ್ಲಿ ಒಮ್ಮೆ ಇಣುಕಿದ. ಉಮಾಶ್ರೀ ಇನ್ನೊಂದು ಬಟ್ಟೆ ಹಿಡಿದು ಕೂತಿದ್ದಳು. ಅವಳ ಬಲಗಾಲು ಮೋಟಾರು ನಡೆಸುವ ಸಣ್ಣ ಪೆಡಲಿನ ಮೇಲೆ ಹಗುರವಾಗಿ ಕೂತಿತ್ತು. ಎಡಗಾಲು ಮಾತ್ರ, ಇನ್ನೂ ನಂಬಿಕೆ ಬಾರದೆಯೋ ಏನೋ, ಬರಿ ನೆಲವನ್ನು ತುಳಿಯುತ್ತಲೇ ಇತ್ತು.