ಓಡುವಾಗ ನೋಡಬೇಕಾದ ಎಣ್ಣೆ

ತಮ್ಮ ಸತ್ತ ಒಂಬತ್ತನೆಯ ದಿನ ಮೆಕ್ಯಾನಿಕ್ ಆ ಲೋಡರಿನ ಬಳಿಗೆ ಹೋದ.

ಕಲ್ಲುಕ್ವಾರಿಯ ಏರಿನಲ್ಲಿ ಬಕೆಟ್ಟು ತುಂಬಿಕೊಂಡು ಹತ್ತುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ಜಾರಿತ್ತು. ಬ್ರೇಕು ಹಿಡಿಯುವಷ್ಟರಲ್ಲಿ ಹಿಂದಿನ ಗಾಲಿ ಅಂಚಿನಿಂದ ಕೆಳಗಿಳಿದಿತ್ತು. ಓಡಿಸುತ್ತಿದ್ದ ತಮ್ಮ ಹೊರಗೆ ಎಸೆಯಲ್ಪಟ್ಟು ಕಲ್ಲಿನ ಮೇಲೆ ಬಿದ್ದ. ಯಂತ್ರಕ್ಕೆ ಒಂದಷ್ಟು ತರಚು ಗಾಯ, ಮನುಷ್ಯ ಉಳಿಯಲಿಲ್ಲ. ದೇವರ ಚಿತ್ತ ನಮಗೆ ತಿಳಿಯುವಂಥದಲ್ಲ. ಆದರೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ‘ಏರಿನ ನಡುವೆ ನ್ಯೂಟ್ರಲ್‌ಗೆ ಹಾಕಿಬಿಟ್ಟ’ ಎಂಬ ಮಾತು ಶೆಡ್ಡಿನಿಂದ ಹೊರಟು ಸತ್ತವನ ಮನೆಯ ಹೊಸ್ತಿಲನ್ನೂ ತಲುಪಿತ್ತು. ಇಪ್ಪತ್ತು ವರ್ಷ ಗಾಡಿಗೆ ಒಂದು ಗೀರೂ ಬೀಳದಂತೆ ನೋಡಿಕೊಂಡವನ ಹೆಸರಿಗೆ ಮಸಿ ಹತ್ತಿತ್ತು.

“ಗೇರ್‌ಬಾಕ್ಸ್ ಸರಿಯಿದೆ ಅಂತ ರಿಪೋರ್ಟ್ ಬರೆದುಬಿಡಿ, ಯಜಮಾನ್ರೇ. ಹೋದವನಿಗೆ ಇನ್ನೇನು ನೋವಾಗುತ್ತೆ?” ಎಂದ ಫೋರ್‌ಮನ್.

“ಮೊದಲು ನೋಡ್ತೀನಿ. ಆಮೇಲೆ ಬರೀತೀನಿ.”

ಈ ಗೇರ್‌ಬಾಕ್ಸಿನಲ್ಲಿ ಕ್ಲಚ್ಚನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಒತ್ತಡ ಕಡಿಮೆಯಾದರೆ ಗೇರಿನಲ್ಲಿದ್ದೂ ಗಾಡಿ ಕೈಬಿಡುತ್ತದೆ. ಅವನು ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದ. ಮೇಲಿನ ಗೆರೆಯವರೆಗೂ ಎಣ್ಣೆಯಿತ್ತು. ಅಪಘಾತದ ದಿನ ಬೆಳಿಗ್ಗೆ ಅವನೇ ನೋಡಿದಾಗಲೂ ಇಷ್ಟೇ ಇತ್ತು. ಎದೆ ಸ್ವಲ್ಪ ಹಗುರವಾಯಿತು. ಒತ್ತಡ ಅಳೆಯುವ ಗೇಜು ಜೋಡಿಸಿ, ಎಂಜಿನ್ ಶುರುಮಾಡಿ, ಬಿಸಿಯಾಗುವವರೆಗೆ ಕಾದು, ಬ್ರೇಕು ಹಿಡಿದು ಗೇರಿಗೆ ಹಾಕಿದ. ಮುಳ್ಳು ನಡುಗಿತು, ಏರಿತು, ಕುಸಿಯಿತು.

ಎಂಜಿನ್ ನಿಲ್ಲಿಸದೆಯೇ ಮತ್ತೆ ಕಡ್ಡಿ ಎಳೆದ. ತುದಿಯಲ್ಲಿ ಬರೀ ನೊರೆ.

ಎಂಜಿನ್ನಿನ ಎಣ್ಣೆಯನ್ನು ನಿಲ್ಲಿಸಿ ನೋಡಬೇಕು. ಈ ಗೇರ್‌ಬಾಕ್ಸಿನ ಎಣ್ಣೆಯನ್ನು ಓಡುವಾಗಲೇ ನೋಡಬೇಕು. ನಿಂತಾಗ ಮೇಲಿನದೆಲ್ಲ ಕೆಳಗಿಳಿದು ತುಂಬಿದಂತೆ ತೋರುತ್ತದೆ. ಇದನ್ನು ಹತ್ತಾರು ಜನಕ್ಕೆ ಕಲಿಸಿದವನೇ ಅವನು. ಆದರೆ ನಲವತ್ತು ವರ್ಷ ಎಂಜಿನ್ ನೋಡಿದ ಕೈ ಅಂದು ಅವಸರದಲ್ಲಿ ತನ್ನ ಹಳೆಯ ಚಾಳಿಗೆ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ತಮ್ಮ ನಕ್ಕಿದ್ದ: “ಏನಣ್ಣ, ಸತ್ತವನ ನಾಡಿ ಹಿಡೀತಿದೀಯಲ್ಲ!”

“ನಲವತ್ತು ವರ್ಷದಿಂದ ಹಿಡಿದ ನಾಡಿ ಕಣೋ, ನನಗೇ ಹೇಳಿಕೊಡ್ತೀಯಾ? ಹತ್ತು, ಹೊತ್ತಾಯ್ತು.”

ಅಣ್ಣನ ಮಾತಿನ ಮೇಲೆ ಅವನು ಹತ್ತಿದ್ದ.

ಮೆಕ್ಯಾನಿಕ್ ಯಂತ್ರದ ಅಡಿಗೆ ತೆವಳಿದ. ಕೊಳವೆಯ ಕೀಲೊಂದರಲ್ಲಿ ಎಣ್ಣೆ ಜಿನುಗಿ ಧೂಳು ಮುದ್ದೆಗಟ್ಟಿತ್ತು. ತುಂಬ ದಿನಗಳ ಜಿನುಗು. ಅಲ್ಲೇ ಅಂಗಾತ ಮಲಗಿ ಅತ್ತ.

ಅವನು ಬರೆದದ್ದನ್ನು ಓದಿ ಫೋರ್‌ಮನ್ ಕನ್ನಡಕ ತೆಗೆದ. “ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹೊಸೀತಿದೀರಿ.”

“ಅವನ ಕುತ್ತಿಗೆಗೆ ಎಲ್ಲರೂ ಹೊಸೆಯೋವಾಗ ನಾನು ಸುಮ್ಮನಿದ್ದೆನಲ್ಲಪ್ಪ.”

ಸಂಜೆ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಕುರ್ಚಿ ಹಾಕಿದಳು. ಅವನು ಕೂರಲಿಲ್ಲ. ದಾರಿಯುದ್ದಕ್ಕೂ ಪ್ರಾರ್ಥನೆಯಂತೆ ಜೋಡಿಸಿಕೊಂಡು ಬಂದ ಮಾತುಗಳನ್ನು ನಿಂತೇ ಹೇಳಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಹಾಗಾದ್ರೆ ಅವರು ಗೇರ್‌ನಲ್ಲೇ ಇದ್ರಾ, ಭಾವ?”

“ಗೇರ್‌ನಲ್ಲೇ ಇದ್ದ, ಅಮ್ಮಾ. ಅವನದು ಒಂದು ಕೂದಲಿನಷ್ಟೂ ತಪ್ಪಿಲ್ಲ. ತಪ್ಪು ನನ್ನದು.”

ಅವಳು ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಬಳಿಕ ಒಳಕೋಣೆಯ ಕಡೆ ತಿರುಗಿ ಮಗಳನ್ನು ಕರೆದಳು. ಹತ್ತು ವರ್ಷದ ಹುಡುಗಿ; ಅಪ್ಪನ ಬಗ್ಗೆ ಯಾರೋ ಆಡಿಕೊಂಡರೆಂದು ಮೂರು ದಿನದಿಂದ ಶಾಲೆಗೆ ಹೋಗಿರಲಿಲ್ಲ.

“ಇವಳಿಗೂ ಹೇಳಿ, ಭಾವ. ಎಲ್ಲಾನೂ ಹೇಳಿ. ನಿಮ್ಮ ಬಾಯಿಂದಲೇ ಕೇಳಲಿ.”

ಹುಡುಗಿ ಬಾಗಿಲಿಗೆ ಒರಗಿ ನಿಂತಳು. ಅವನು ಅವಳ ಮುಂದೆ ನೆಲಕ್ಕೆ ಕುಳಿತ.

“ದೊಡ್ಡಪ್ಪ ಒಂದು ತಪ್ಪು ಮಾಡಿದೆ, ಮಗಳೇ,” ಎಂದು ಮೊದಲಿನಿಂದ ಶುರುಮಾಡಿದ.