ಬಂಡೆಯ ಮಾತು ಕೇಳಿಸುವ ಬಿರಡೆ

ಪುಸೆಲೆಟ್ಸೊಳ ಅಪ್ಪ ಆಯುಷ್ಯವೆಲ್ಲ ದಕ್ಷಿಣ ಆಫ್ರಿಕಾದ ರಸ್ಟೆನ್‌ಬರ್ಗಿನ ಪ್ಲಾಟಿನಂ ಗಣಿಯಲ್ಲಿ ಡ್ರಿಲ್ಲು ಹಿಡಿದು, ಕೊನೆಗೆ ಪೂರ್ತಿ ಕಿವುಡಾಗಿ ಸತ್ತ. ಅವನ ಹತ್ತಿರ ಏನು ಹೇಳಬೇಕಾದರೂ ಭುಜ ತಟ್ಟಿ, ಮುಖಕ್ಕೆ ಮುಖ ಕೊಟ್ಟು ಕಿರುಚಬೇಕಿತ್ತು. ಹಾಗಾಗಿ ಆ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಮಗಳು ಮೈನೆರೆದ ಸುದ್ದಿಯನ್ನು ಅವ್ವ ಅಪ್ಪನಿಗೆ ತಿಳಿಸಿದಾಗ ಇಡೀ ಬೀದಿ ಕೇಳಿಸಿಕೊಂಡಿತ್ತು. ಆ ಅವಮಾನ ಪುಸೆಲೆಟ್ಸೊಳ ಮನಸ್ಸಿನಿಂದ ಹೋಗಲೇ ಇಲ್ಲ. ಅವಳು ಓದಿ, ಕಿವಿ ಪರೀಕ್ಷೆ ಮಾಡುವ ವಿದ್ಯೆ ಕಲಿತು, ಅಪ್ಪ ದುಡಿದ ಗಣಿಯ ಆಸ್ಪತ್ರೆಗೆ ತಾಗಿಕೊಂಡಿದ್ದ ತಗಡಿನ ಕೋಣೆಯಲ್ಲೇ ಕೆಲಸಕ್ಕೆ ಸೇರಿಕೊಂಡಳು.

ಗಣಿಯವರು ಆಳುಗಳ ಕಿವಿಗೆ ಸ್ಪಂಜಿನ ಬಿರಡೆ ಕೊಡುತ್ತಿದ್ದರು. ಗೇಟಿನಲ್ಲಿ ಮೇಲ್ವಿಚಾರಕ ನೋಡುವಷ್ಟು ಹೊತ್ತು ಹಾಕಿಕೊಂಡು, ಕೆಳಗಿಳಿದ ಕೂಡಲೇ ಕಿತ್ತು ಜೇಬಿಗೆ ಸೇರಿಸುವುದು ಎಲ್ಲರ ರೂಢಿ. ಅದು ಬರೀ ಮೊಂಡುತನವಲ್ಲ. ಕೆಳಗೆ, ತೆವಳಿಕೊಂಡೇ ಓಡಾಡಬೇಕಾದ ಆ ಗವಿಯಲ್ಲಿ, ತಲೆಯ ಮೇಲಿನ ಬಂಡೆ ಬೀಳುವ ಮುಂಚೆ ಒಂದು ಮಾತಾಡುತ್ತದೆ. ಒಣ ಪುಳ್ಳೆ ಮುರಿದಂಥ ಚಟಕ್ ಎನ್ನುವ ಸದ್ದು, ಅಷ್ಟೇ. ಡ್ರಿಲ್ಲು ನಿಲ್ಲಿಸಿ ಸಲಾಕೆ ಬದಲಿಸುವ ಹೊತ್ತಿನಲ್ಲಿ ಅದನ್ನು ಕೇಳಿಸಿಕೊಂಡವನು ಬದುಕಿದ. ಸ್ಪಂಜು ಡ್ರಿಲ್ಲಿನ ಅಬ್ಬರದ ಜೊತೆ ಆ ಸದ್ದನ್ನೂ ನುಂಗಿಬಿಡುತ್ತಿತ್ತು. ಕಿವಿ ಉಳಿಸಿಕೊಳ್ಳಲು ಹೋದರೆ ಜೀವಕ್ಕೆ ಸಂಚಕಾರ. ಜನ ಕಿವಿಯ ಆಸೆ ಬಿಟ್ಟಿದ್ದರು.

ಪುಸೆಲೆಟ್ಸೊ ವರ್ಷಗಟ್ಟಲೆ ಕೂತು ಬೇರೊಂದು ಬಿರಡೆ ಮಾಡಿದಳು. ನಾದಿದ ಹಿಟ್ಟಿನಂಥ ರಬ್ಬರನ್ನು ಒಬ್ಬೊಬ್ಬನ ಕಿವಿಯೊಳಗೂ ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅದೇ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಒಬ್ಬನದು ಇನ್ನೊಬ್ಬನಿಗೆ ಕೂರುವುದಿಲ್ಲ. ನಡುವೆ ಒಂದು ಕೊಳವೆ, ಕೊಳವೆಗೆ ಅಡ್ಡಲಾಗಿ ತೆಳ್ಳನೆಯ ತಗಡು, ತಗಡಿನಲ್ಲಿ ಸೂಜಿ ಮೊನೆಯಷ್ಟು ತೂತು. ಸಣ್ಣ ಸದ್ದು ಆ ತೂತಿನಲ್ಲಿ ಸಲೀಸಾಗಿ ನುಸುಳುತ್ತದೆ. ದೊಡ್ಡ ಸದ್ದು ನುಗ್ಗಿ ಬಂದರೆ, ಬಸ್ಸಿನ ಬಾಗಿಲಲ್ಲಿ ಒಟ್ಟಿಗೆ ಮೇಲೆಬಿದ್ದ ಜನರಂತೆ, ತನ್ನ ರಭಸಕ್ಕೆ ತಾನೇ ಸಿಕ್ಕಿಕೊಳ್ಳುತ್ತದೆ. ಹೊರತುದಿಯನ್ನು ಮೋಟು ಮಾಡಿದ್ದಳು, ಹೆಲ್ಮೆಟ್ಟಿನ ಪಟ್ಟಿ ತಾಗಿ ನೋಯಬಾರದೆಂದು. ಜಿಡ್ಡು ಕೈಯಲ್ಲೂ ಹಿಡಿತಕ್ಕೆ ಸಿಗಲೆಂದು ಅದಕ್ಕೆ ಗೀರು ಕೊಟ್ಟಿದ್ದಳು.

ಮೊದಲು ಹಾಕಿಕೊಂಡ ಡ್ರಿಲ್ಲಿನವನು ತ್ಲೆಲಿಮಾ, ಬಾಯಿ ಸುಮ್ಮನಿರದ ಆಸಾಮಿ.

“ಅಕ್ಕಾ, ಇದನ್ನ ಮನೇಲೂ ಹಾಕ್ಕೋಬಹುದಾ? ಹೆಂಡ್ತಿ ಬೈಯೋದು ಕೇಳಿಸಬಾರದು, ಊಟಕ್ಕೆ ಕರೆಯೋದು ಕೇಳಿಸಬೇಕು.”

“ಕೂಗಾಡಿದ್ರೆ ಕೇಳಿಸಲ್ಲ. ಗೊಣಗಿದ್ರೆ ಕೇಳಿಸುತ್ತೆ.”

“ಅಯ್ಯೋ, ಅವಳದ್ದು ಗೊಣಗೋದೇ ಜಾಸ್ತಿ. ಹಂಗಾದ್ರೆ ಗಣೀಲೇ ಇರ್ಲಿ ಬಿಡು.”

ಪರೀಕ್ಷೆಗೆಂದು ಆರಿಸಿದ್ದು ತ್ಲೆಲಿಮಾ ಇದ್ದ ಮೊಹಾಪಿಯ ತಂಡವನ್ನು. ಮೊಹಾಪಿ ಪುಸೆಲೆಟ್ಸೊಳ ಚಿಕ್ಕಪ್ಪ, ಅಪ್ಪನ ಬೆನ್ನಲ್ಲಿ ಬಿದ್ದ ತಮ್ಮ. ಅವನ ಕೈಕೆಳಗೆ ಒಬ್ಬನೂ ಸತ್ತಿರಲಿಲ್ಲ. ‘ಮೊಹಾಪಿಯ ಕಿವಿ’ ಎಂದರೆ ಗಣಿ ಆಳುಗಳ ಹಾಸ್ಟೆಲಿನಲ್ಲಿ ಆಣೆ ಇಡುವಷ್ಟು ನಂಬಿಕೆ. ಅವನು “ಹೊರಗೆ” ಎಂದರೆ ಬಾಯಿಗಿಟ್ಟ ತುತ್ತನ್ನೂ ಬಿಟ್ಟು ಓಡುತ್ತಿದ್ದರು. “ಏನಿಲ್ಲ” ಎಂದರೆ ಅದೇ ಬಂಡೆಯ ಕೆಳಗೆ ಬೆನ್ನು ಚಾಚುತ್ತಿದ್ದರು.

“ನನಗ್ಯಾಕಮ್ಮ ಇದು? ಹುಡುಗರಿಗೆ ಹಾಕು,” ಎಂದ ಅವನು.

“ಎಲ್ಲರಿಗೂ ಆಗಬೇಕು ಚಿಕ್ಕಪ್ಪ. ಐದು ನಿಮಿಷ.”

ಅವನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಬಿರಡೆ ಹಾಕಿ, ಬಂಡೆ ಬಿರಿಯುವ ಸದ್ದನ್ನು ಕೇಳಿಸತೊಡಗಿದಳು. ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಮೊಹಾಪಿ ತಪ್ಪದೆ ಎತ್ತಿದ. ನಡುವೆ ಒಮ್ಮೆ, ಗಾಜಿನಾಚೆ ಸದ್ದಿನ ಗುಂಡಿಯ ಮೇಲೆ ಕೈಯಿಟ್ಟವಳು ಸೀನು ಬಂದು ಒತ್ತದೆ ನಿಂತಳು. ಆಗಲೂ ಅವನ ಬೆರಳು ಮೇಲೆದ್ದಿತು.

ಅವನು ನೋಡುತ್ತಿದ್ದುದು ಪುಸೆಲೆಟ್ಸೊಳ ಕೈಯನ್ನು. ಅವನಿಗೆ ಬೆನ್ನು ಹಾಕಿ ನಿಂತು ಗುಂಡಿ ಒತ್ತಿದಳು. ಸದ್ದು ಏರಿಸಿ ಮತ್ತೆ ಒತ್ತಿದಳು. ಬೆರಳು ಏಳಲಿಲ್ಲ. ಒಳಗೆ ಹೋಗಿ ಬಿರಡೆ ತೆಗೆದು, ಅವನ ಹಿಂದೆಯೇ ನಿಂತು “ಚಿಕ್ಕಪ್ಪ” ಎಂದಳು. ಇನ್ನೂ ಗಟ್ಟಿಯಾಗಿ ಕರೆದಳು. ಅವನು ತೊಡೆಯ ಮೇಲಿದ್ದ ಹುಲ್ಲಿನ ಟೊಪ್ಪಿಯ ಅಂಚನ್ನು ಸವರುತ್ತ ಕೂತೇ ಇದ್ದ.

ಅವಳು ಎದುರಿಗೆ ಬಂದು ಕುಳಿತ ಮೇಲೆ, ಅವಳ ಮುಖ ನೋಡಿಯೇ ಅವನಿಗೆ ಎಲ್ಲ ತಿಳಿಯಿತು.

“ಯಾವಾಗಿನಿಂದ?”

ಅವನು ಅವಳ ತುಟಿ ನೋಡಿದ. “ನಿಮ್ಮಪ್ಪ ಹೋಗೋ ಮುಂಚೆನೇ. ಬಂಡೆ ಮಾತಾಡಿದ್ರೆ ಅದನ್ನ ಹೊತ್ತಿರೋ ಮರದ ಕಂಬ ನಡುಗುತ್ತೆ. ಅಂಗೈ ಇಟ್ಕೊಂಡಿರ್ತೀನಿ. ಧೂಳು ಉದುರೋದು ನೋಡ್ತಿರ್ತೀನಿ. ಒಬ್ಬನಾದ್ರೂ ಸತ್ತಿದ್ದಾನಾ ಹೇಳು?”

“ಕಂಬ ನಡುಗದೆ ಬಿದ್ರೆ?”

“ಹಂಗೆ ಬೀಳಲ್ಲ.”

“ನಾನು ತಿಳಿಸಲೇಬೇಕು ಚಿಕ್ಕಪ್ಪ.”

ಮೊಹಾಪಿ ಟೊಪ್ಪಿಯನ್ನು ತೊಡೆಯಿಂದೆತ್ತಿ ಪಕ್ಕಕ್ಕಿಟ್ಟ. ಅಪ್ಪ ಸತ್ತಾಗ ಹೆಣಕ್ಕೆ ತನ್ನ ಕಂಬಳಿಯನ್ನೇ ಹೊದಿಸಿ ಚಳಿಯಲ್ಲಿ ನಡುಗುತ್ತ ನಿಂತಿದ್ದವನು ಅವನು. ಅವಳನ್ನು ಕಾಲೇಜಿನ ಬಾಗಿಲ ತನಕ ಬಿಟ್ಟುಬಂದವನೂ ಅವನೇ.

“ತಿಳಿಸು ಅಂತ ನಾನೇ ಅಂತೀನಿ. ಆದ್ರೆ ಮಗಳ ವಯಸ್ಸಿನವಳು ಕೆಪ್ಪ ಅಂತ ಹಿಡಿದುಕೊಟ್ಟಳು ಅನ್ನೋದು ಬೇಡಮ್ಮ. ನಾಳೆ ನಾನೇ ಮೇಲ್ವಿಚಾರಕನ ಹತ್ರ ಹೋಗಿ ಬಾಯಿಬಿಟ್ಟು ಹೇಳ್ತೀನಿ. ಅಷ್ಟು ಮರ್ಯಾದೆ ಉಳಿಸು.”

ಅವಳು ತಲೆಯಾಡಿಸಿದಳು.

ಮರುದಿನ ಅವಳು ಕೇಳಲಿಲ್ಲ. ಹಿರಿಯನನ್ನು ‘ಹೇಳಿದಿರಾ’ ಎಂದು ಕೇಳುವುದಾದರೂ ಹೇಗೆ? ಅದರ ಮರುದಿನ ಊಟದ ಮನೆಯಲ್ಲಿ ಜೋಳದ ಮುದ್ದೆ, ಸೊಪ್ಪು ಮುಂದಿಟ್ಟುಕೊಂಡು ಕುಳಿತಿದ್ದ ಮೊಹಾಪಿ ದೂರದಿಂದಲೇ ಕೈಯೆತ್ತಿದ. ಆಗಿದೆ ಎನ್ನುವಂತಿತ್ತು ಆ ಕೈ. ಹಾಗೆಂದೇ ಅಂದುಕೊಂಡಳು.

ಆ ವಾರ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಗಣಿಯ ಸೈರನ್ನು ಕೂಗಿತು. ಪುಸೆಲೆಟ್ಸೊ ಗಣಿಗಿಳಿಯುವ ಬಾವಿಯ ಬಾಯಿಗೆ ಓಡಿದಳು. ಲಿಫ್ಟು ಮೇಲೆ ಬಂದಾಗ ಮೊದಲು ಇಳಿದವನು ತ್ಲೆಲಿಮಾ. ಮೈಯೆಲ್ಲ ಬೂದಿ ಬಳಿದುಕೊಂಡಂತೆ ಧೂಳು. ಬಿರಡೆಗಳು ಇನ್ನೂ ಕಿವಿಯಲ್ಲೇ ಇದ್ದವು.

“ಯಾರು?” ಎಂದಳು.

“ಸೆಖೋಬೆ.” ಅವನು ನೆಲದ ಮೇಲೆ ಕುಕ್ಕರಿಸಿದ. ಸೆಖೋಬೆ ಅವನ ಜೊತೆ ಡ್ರಿಲ್ಲು ಹಿಡಿಯುತ್ತಿದ್ದವನು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದವನು. “ಕೇಳಿಸ್ತು ಅಕ್ಕ. ಸಲಾಕೆ ಬದಲಾಯಿಸ್ತಿದ್ವಿ. ನಿನ್ನ ಬಿರಡೇಲಿ ಚಟಕ್ ಅಂತ ನಿಚ್ಚಳವಾಗಿ ಕೇಳಿಸ್ತು. ‘ಹೊರಗೆ’ ಅಂತ ಕಿರುಚಿದೆ. ಸೆಖೋಬೆಗೂ ಕೇಳಿಸಿತ್ತು, ಅವನೂ ತೆವಳಿಕೊಂಡು ಬರ್ತಿದ್ದ. ಆಗ ಮೊಹಾಪಿ ಯಜಮಾನ್ರು ಕಂಬದ ಮೇಲೆ ಕೈಯಿಟ್ಟು ನಕ್ಕರು. ‘ಏನಿಲ್ಲ ಕಣ್ರೋ, ಬಂಡೆ ಮಲಗಿದೆ. ಹೊಸ ಆಟಿಕೆ ಹಾಕ್ಕೊಂಡು ಇಲಿ ಸದ್ದಿಗೂ ಹೆದರ್ತೀರಲ್ಲ’ ಅಂದ್ರು. ಸೆಖೋಬೆ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ವಾಪಸ್ ಹೋದ.”

“ನೀನು?”

“ನಾನು ಮೊದಲಿಂದಲೂ ಪುಕ್ಕಲ. ಓಡಿಬಂದೆ.” ಅವನು ಅಳತೊಡಗಿದ.

ಮೊಹಾಪಿಗೆ ಒಂದು ಗೀರೂ ಆಗಿರಲಿಲ್ಲ. ಅವನು ಕೈಯಿಟ್ಟಿದ್ದ ಕಂಬ ಹಾಗೇ ನಿಂತಿತ್ತು. ಬಂಡೆ ಬಿದ್ದದ್ದು ಅದರ ಆಚೆಗೆ. ಬಾವಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅವನ ಮುಂದೆ ಪುಸೆಲೆಟ್ಸೊ ಮಂಡಿಯೂರಿದಳು.

“ಚಿಕ್ಕಪ್ಪ, ಮೇಲ್ವಿಚಾರಕನಿಗೆ ಹೇಳಿದ್ರಾ?”

“ಕಂಬ ಅಲುಗಲಿಲ್ಲ,” ಎಂದ ಅವನು.

“ಹೇಳಿದ್ರಾ?”

“ಕಂಬ ಅಲುಗಲೇ ಇಲ್ಲ ಕಣೇ.” ತನ್ನ ಅಂಗೈಯನ್ನು ಅವಳ ಮುಂದೆ ಚಾಚಿದ, ಸಾಕ್ಷಿ ಹೇಳಿಸುವವನಂತೆ.

ವಿಚಾರಣೆಯಲ್ಲಿ ಪುಸೆಲೆಟ್ಸೊ ಗಾಜಿನ ಕೋಣೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅಧಿಕಾರಿಗಳಿಗೆ ಬೇಕಾಗಿದ್ದದ್ದು ಒಂದೇ ಮಾತು, ಬಿರಡೆ ಕೆಲಸ ಮಾಡಿತೋ ಇಲ್ಲವೋ. ಮಾಡಿತು ಎಂದಳು. ಗಣಿಯವರು ಅದನ್ನು ಎಲ್ಲ ತಂಡಗಳಿಗೂ ಮಾಡಿಸಲು ಒಪ್ಪಿದರು, ಆದರೆ ಅವಳನ್ನು ತೆಗೆದು ಆ ಕೆಲಸಕ್ಕೆ ಬೇರೊಬ್ಬನನ್ನು ತಂದು ಕೂರಿಸಿದರು. ಮೊಹಾಪಿಯನ್ನು ಅವನ ಹುಟ್ಟುನಾಡು ಲೆಸೊಥೊಗೆ ಹೋಗುವ ಬಸ್ಸು ಹತ್ತಿಸಿದರು. ಕಳಿಸಿಕೊಡಲು ಯಾರೂ ಹೋಗಲಿಲ್ಲ. ಹಾಸ್ಟೆಲಿನಲ್ಲಿ ಅರ್ಧ ಜನ ಪುಸೆಲೆಟ್ಸೊ ಚಿಕ್ಕಪ್ಪನನ್ನು ಹಿಡಿದುಕೊಟ್ಟವಳು ಎಂದರು, ಇನ್ನರ್ಧ ಅವನ ಕಿವುಡನ್ನು ಬಚ್ಚಿಟ್ಟವಳು ಎಂದರು.

ತಗಡಿನ ಕೋಣೆಯಲ್ಲಿದ್ದ ಸಾಮಾನು ಕಟ್ಟುತ್ತಿದ್ದ ದಿನ ಸೆಖೋಬೆಯ ಹೆಂಡತಿ ಬಂದಳು. ಬೆಟ್ಟದ ಕಡೆಯವಳು. ಕಂಬಳಿ ಹೊದ್ದು, ಕೂದಲು ಬೋಳಿಸಿಕೊಂಡಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಇಂಗ್ಲಿಷಿನಲ್ಲಿ ಏನೇನೋ ಓದಿದ್ರು ತಂಗಿ. ನನಗೆ ತಿಳೀಲಿಲ್ಲ. ನಮ್ಮ ಯಜಮಾನ್ರಿಗೆ ಆ ಸದ್ದು ಕೇಳಿಸಿತ್ತಾ?”

ಪುಸೆಲೆಟ್ಸೊ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. “ಕೇಳಿಸಿತ್ತು ಅಕ್ಕ.”

“ಮತ್ತೆ ಯಾಕೆ ಓಡಿ ಬರಲಿಲ್ಲ?”

“ನಮ್ಮ ಚಿಕ್ಕಪ್ಪ ಏನಿಲ್ಲ ಅಂದ್ರು. ಅವರಿಗೆ ಕಿವಿ ಕೇಳಿಸ್ತಿರಲಿಲ್ಲ. ನಿಮ್ಮವರಿಗೆ ಅದು ಗೊತ್ತಿರಲಿಲ್ಲ.” ಅಲ್ಲಿಗೇ ನಿಲ್ಲಿಸಬಹುದಿತ್ತು. “ನನಗೆ ಗೊತ್ತಿತ್ತು.”

ಹೆಂಗಸು ಅವಳನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದಳು ಪುಸೆಲೆಟ್ಸೊ. ಹೊಡೆದರೆ ಒಳ್ಳೆಯದೆಂದೂ ಅನಿಸಿತ್ತು. ಆದರೆ ಅವಳು ಕಂಬಳಿಯನ್ನು ಭುಜದ ಮೇಲೆ ಎಳೆದುಕೊಂಡು, “ಇಬ್ಬರು ಮಕ್ಕಳಿದ್ದಾರೆ. ಅವರು ಕೇಳಿದ್ರೆ ಏನಂತ ಹೇಳಲಿ?” ಎಂದಳು.

ಹೆಂಗಸು ಸ್ವಲ್ಪ ಹೊತ್ತು ಕಾದು, ಬಾಗಿಲು ದಾಟಿ, ಬಿಸಿಲಿನಲ್ಲಿ ಗೇಟಿನ ಕಡೆ ನಡೆದಳು.